ಎಷ್ಟು ಸಲ ಏರ್ ತೆಗೆದರೂ ಬ್ರೇಕ್ ಸರಿ ಹೋಗ್ತಿಲ್ವಾ? ಮೊದಲು ಪೆಡಲ್ ಒತ್ತಿ ನೋಡಿ

ಮಳೆಗಾಲ ಪೂರ್ತಿ ಕೊಟ್ಟಿಗೆ ಪಕ್ಕ ನಿಂತಿದ್ದ ಹಳೇ ಜೀಪನ್ನು ದೀಪಾವಳಿ ಹೊತ್ತಿಗೆ ಹೊರಗೆ ತೆಗೆದೆ. ಬ್ರೇಕ್ ಒತ್ತಿದರೆ ಪೆಡಲ್ ಮುಕ್ಕಾಲು ಭಾಗ ಸುಮ್ನೆ ಇಳಿಯುತ್ತಿತ್ತು. ಬಿಟ್ಟು ತಕ್ಷಣ ಇನ್ನೊಂದು ಸಲ ಒತ್ತಿದರೆ ಮೇಲೇ ಗಟ್ಟಿಯಾಗಿ ನಿಲ್ಲುತ್ತಿತ್ತು. ಏರ್ ಹಿಡಿದಿದೆ ಅಂತ ಎರಡು ಸಲ ಬ್ಲೀಡಿಂಗ್, ಅಂದರೆ ಬ್ರೇಕ್ ಪೈಪಿನೊಳಗಿನ ಗಾಳಿ ಹೊರಗೆ ಬಿಡುವ ಕೆಲಸ, ಮಾಡಿದೆವು. ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಯಿತು, ಪೆಡಲ್ ಮಾತ್ರ ಹಾಗೇ ಇತ್ತು. ಕೊನೆಗೆ ನೋಡಿದರೆ ಏರ್ ಇರಲೇ ಇಲ್ಲ. ಹಿಂದಿನ ಚಕ್ರದ ಡ್ರಮ್‌ಗಳಲ್ಲಿ ಶೂ (ಡ್ರಮ್ಮಿಗೆ ಒಳಗಿಂದ ಒತ್ತಿ ಚಕ್ರ ನಿಲ್ಲಿಸುವ ಭಾಗ) ಅಡ್ಜಸ್ಟ್‌ಮೆಂಟ್ ಸಡಿಲವಾಗಿತ್ತು, ಅಷ್ಟೇ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಪೆಡಲ್ ಪರೀಕ್ಷೆ ಮಾಡಿ.

ಮೊದಲ ಸಲ ಕೆಳಗೆ ಹೋಗಿ ಎರಡನೇ ಸಲಕ್ಕೆ ಮೇಲೆ ಗಟ್ಟಿಯಾಗಿ ನಿಂತರೆ, ಬಹುಪಾಲು ಡ್ರಮ್ಮಿಗೂ ಶೂಗೂ ನಡುವೆ ಸಂದು ಜಾಸ್ತಿಯಾಗಿದೆ. ಚಕ್ರ ಎತ್ತಿ, ಶೂ ಹಿಡಿಯುವವರೆಗೆ ಅಡ್ಜಸ್ಟರ್ ತಿರುಗಿಸಿ, ಚಕ್ರ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ.

ಎಷ್ಟು ಒತ್ತಿದರೂ ಕೊಳೆತ ಹಲಸಿನ ಹಣ್ಣು ಮೆಟ್ಟಿದ ಹಾಗೆ ಮೆತ್ತಗಿದ್ದರೆ ಏರ್ ಇದೆ. ಇಲ್ಲವೇ ರಬ್ಬರ್ ಹೋಸ್ ಹಳೆಯದಾಗಿದೆ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಹೋಸ್ ಮುಟ್ಟಿ ನೋಡಿ. ಉಬ್ಬಿದರೆ ಬದಲಾಯಿಸಲೇಬೇಕು.

ಮೂರನೆಯದು ನಿಜಕ್ಕೂ ಹೆದರಬೇಕಾದ್ದು. ಪೆಡಲ್ ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಚಕ್ರಗಳ ಒಳಬದಿ, ಪೈಪ್ ಜಾಯಿಂಟ್, ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿ ಒಳಗೆ ಒದ್ದೆ ಇದೆಯಾ ನೋಡಿ. ಎಲ್ಲೂ ಸೋರಿಕೆ ಇಲ್ಲ, ಆಯಿಲ್ ಮಟ್ಟವೂ ಇಳಿದಿಲ್ಲ ಅಂದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ. ಇದಕ್ಕೆ ಬ್ಲೀಡಿಂಗ್ ಮದ್ದಲ್ಲ.

ಏರ್ ಇದೆ ಅಂತ ಖಾತ್ರಿಯಾಯಿತಾ? ಸರಿ, ಶುರು ಮಾಡೋಣ.

ಗಾಡಿ ಸಮತಟ್ಟು ಜಾಗದಲ್ಲಿರಲಿ. ಎತ್ತದ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ನಮ್ಮ ಕಡೆ ಮಳೆ ನಿಂತ ಮೇಲೂ ಅಂಗಳದ ಮಣ್ಣು ಮೆತ್ತಗಿರುತ್ತದೆ, ಜಾಕ್ ಕೆಳಗೆ ದಪ್ಪ ಹಲಗೆ ಹಾಕಿ. ಬರೀ ಜಾಕ್ ನಂಬಿ ಗಾಡಿ ಅಡಿಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇರಲಿ.

ಹಳೇ ಗಾಡಿಯಲ್ಲಿ ಮೊದಲ ತಕರಾರು ನಿಪ್ಪಲ್‌ದು, ಅಂದರೆ ಚಕ್ರದ ಹತ್ತಿರ ಗಾಳಿ ಬಿಡಲು ಇರುವ ಸಣ್ಣ ತಿರುಪಿನದು. ತುಕ್ಕು ಹಿಡಿದು ಕೂತಿರುತ್ತದೆ. ಹಿಂದಿನ ದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಸುತ್ತ ಮೆಲ್ಲಗೆ ತಟ್ಟಿ, ರಿಂಗ್ ಸ್ಪ್ಯಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ನಿಪ್ಪಲ್ ಉರುಟಾಗುತ್ತದೆ. ಅಷ್ಟಕ್ಕೂ ಬರದಿದ್ದರೆ ಜಗ್ಗಬೇಡಿ. ಮುರಿದರೆ ಸಿಲಿಂಡರೇ ಹೋಯಿತು.

ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರ ಮೊದಲು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರುಗಳಲ್ಲಿ ಕ್ರಮ ಬೇರೆ, ಗಾಡಿಯ ಪುಸ್ತಕ ಇದ್ದರೆ ನೋಡಿಕೊಳ್ಳಿ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ.

ಇನ್ನು ಕಾಲು ಕೊಡುವವರು ಬೇಕು. ನಮ್ಮನೆಯಲ್ಲಿ ಅಕ್ಕನ ಮಗ.

“ಒತ್ತಿದ್ಯೇನೋ?”

“ಒತ್ತಿದೀನಿ ಮಾವ.”

“ಹಿಡ್ಕೋ, ಬಿಡಬೇಡ.”

ಆಗ ನಿಪ್ಪಲ್ ತೆರೆಯಬೇಕು, ಗುಳ್ಳೆ ಬರುತ್ತದೆ. ಮುಚ್ಚಿದ ಮೇಲೇ “ಬಿಡು” ಅನ್ನಬೇಕು. ಮುಚ್ಚುವ ಮೊದಲೇ ಕಾಲೆತ್ತಿದರೆ ಹೋದ ಗಾಳಿ ವಾಪಸ್. ಅರ್ಧ ಜಗಳ ಇಲ್ಲೇ ಆಗುವುದು.

ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಇದನ್ನು ಯಾರೂ ಹೇಳುವುದಿಲ್ಲ. ಹಳೇ ಮಾಸ್ಟರ್ ಸಿಲಿಂಡರ್‌ನ ಕೊನೆಯ ಭಾಗಕ್ಕೆ ರಬ್ಬರ್ ದಿನನಿತ್ಯ ಹೋಗುವುದೇ ಇಲ್ಲ, ಅಲ್ಲಿ ತುಕ್ಕು, ಗಸಿ ಕೂತಿರುತ್ತದೆ. ಪೆಡಲನ್ನು ನೆಲಕ್ಕೆ ತಾಗುವವರೆಗೆ ಒತ್ತಿದರೆ ರಬ್ಬರ್ ಅಂಚು ಅಲ್ಲಿ ಹರಿಯಬಹುದು. ಬ್ಲೀಡಿಂಗ್ ಮಾಡಿದ ಮೇಲೆಯೇ ಬ್ರೇಕ್ ಕೆಟ್ಟಿತು ಅನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಗುಳ್ಳೆ ಮುಗಿಯುತ್ತಲೇ ಇಲ್ವಾ? ಆಯಿಲ್ ಮಟ್ಟ ನೋಡಿ. ಹಳೇ ಜೀಪ್‌ಗಳಲ್ಲಿ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿಯ ತಗಡಿನ ಕೆಳಗಿರುತ್ತದೆ. ಕಣ್ಣಿಗೆ ಬೀಳುವುದಿಲ್ಲ, ಬೇಗ ಖಾಲಿಯಾಗುತ್ತದೆ. ಒಮ್ಮೆ ಖಾಲಿಯಾದರೆ ಮತ್ತೆ ಮೊದಲಿಂದ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಕೆಸರು ಒರೆಸಿ. ಗಾಳಿ ಎಳೆಯುವ ಪಂಪ್ ಬಳಸುತ್ತಿದ್ದರೆ, ನಿಪ್ಪಲ್‌ನ ಥ್ರೆಡ್ ಸಂದಿನಿಂದಲೂ ಗುಳ್ಳೆ ಬರುತ್ತದೆ. ಅದು ಒಳಗಿನ ಗಾಳಿಯಲ್ಲ.

ಆಯಿಲ್ಲೇ ಬರದಿದ್ದರೆ ನಿಪ್ಪಲ್ ಪೂರ್ತಿ ಬಿಚ್ಚಿ, ಸಣ್ಣ ತಂತಿಯಿಂದ ತೂತು ಬಿಡಿಸಿ. ಆಗಲೂ ಇಲ್ಲವಾದರೆ ಹೋಸ್ ಒಳಗೇ ಊದಿ ಮುಚ್ಚಿಕೊಂಡಿರಬಹುದು. ಡಿಸ್ಕ್ ಬ್ರೇಕ್ ಇದ್ದು ಈಚೆಗೆ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಬಿಚ್ಚಿಸಿದ್ದರೆ ಇನ್ನೊಂದು ನೋಡಿ: ನಿಪ್ಪಲ್ ಮೇಲ್ತುದಿಯಲ್ಲೇ ಇರಬೇಕು. ಎಡದ್ದು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬಂದು ಗಾಳಿ ಮೇಲೇ ಉಳಿಯುತ್ತದೆ.

ಆಯಿಲ್ ವಿಷಯ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯಲ್ಲಿನ ನೀರು ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಆಗುಂಬೆ ಘಾಟಿಯ 14 ತಿರುವುಗಳನ್ನು ಬರೀ ಬ್ರೇಕ್ ಮೇಲೇ ಇಳಿದರೆ ಹಳೇ ಆಯಿಲ್ ಕುದಿದು ಆವಿಯಾಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ನಮ್ಮ ಮಲೆನಾಡಿನ ಥಂಡಿಯಲ್ಲಿ ಬಾಯಿ ತೆರೆದಿಟ್ಟ ಡಬ್ಬಿ ಇದ್ದರೆ ಅದನ್ನು ಗಾಡಿಗೆ ಹಾಕಬೇಡಿ. ಭಾಗಗಳನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯಲೂ ಬಾರದು, ರಬ್ಬರ್ ಊದುತ್ತದೆ. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ನನ್ನ ಹೊಸ ರಬ್ಬರ್ ಕಿಟ್ ಹಾಗೇ ಹಾಳಾಗಿತ್ತು.

ಮುಗಿದ ಮೇಲೆ ಪೆಡಲ್ ಅರ್ಧ ನಿಮಿಷ ಜೋರಾಗಿ ಒತ್ತಿ ಹಿಡಿಯಿರಿ. ಇಳಿಯಬಾರದು. ಅಂಗಳದಲ್ಲೇ ನಿಧಾನಕ್ಕೆ ಓಡಿಸಿ ನಿಲ್ಲಿಸಿ ನೋಡಿ. ರಾತ್ರಿ ನಾಲ್ಕೂ ಚಕ್ರದ ಒಳಬದಿ ಹಳೇ ಪೇಪರ್ ಹಾಸಿಡಿ. ಬೆಳಿಗ್ಗೆ ಯಾವ ಪೇಪರ್ ಮೇಲಾದರೂ ಎಣ್ಣೆ ಕಲೆ ಕಂಡರೆ, ಗಾಡಿ ರಸ್ತೆಗೆ ತೆಗೆಯುವ ಮೊದಲು ಆ ಚಕ್ರ ಮತ್ತೆ ಬಿಚ್ಚಿ.