ಚೆನ್ನೈ ಬಸ್‌ನಲ್ಲಿ ಕಾರ್ಡ್ ಕೊಟ್ಟು ಟಿಕೆಟ್ ತೆಗೆಯುವುದು ಹೇಗೆ?

ಕೋಲಾರ ಜಿಲ್ಲೆಯವರಿಗೆ ಚೆನ್ನೈ ದೂರದ ಊರಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ನೇರ ಸೆಂಟ್ರಲ್‌ನಲ್ಲಿ ಇಳಿಯಬಹುದು. ಆಸ್ಪತ್ರೆ, ಮದುವೆ ಜವಳಿ, ಮಕ್ಕಳ ಓದು ಅಂತ ಹೋಗಿ ಬರುವವರು ಜಾಸ್ತಿ. ಕಷ್ಟ ಶುರುವಾಗುವುದು ಇಳಿದ ಮೇಲೆ, ಸಿಟಿ ಬಸ್‌ನಲ್ಲಿ ಚಿಲ್ಲರೆ ಹುಡುಕುವಾಗ. ಅದಕ್ಕೆ ಈಗ ಕಾರ್ಡ್ ಇದೆ. ಅಲ್ಲಿನ ನಗರ ಸಾರಿಗೆ ಸಂಸ್ಥೆಯಾದ ಎಂಟಿಸಿಯ ಬಸ್‌ಗಳಲ್ಲಿ ಇದು ಜಾರಿಗೆ ಬಂದದ್ದು 2025ರ ಜನವರಿಯಲ್ಲಿ.

ಕಾರ್ಡಿನ ಹೆಸರು ‘ಸಿಂಗಾರ ಚೆನ್ನೈ’. ಸ್ಟೇಟ್ ಬ್ಯಾಂಕ್ ಕೊಡುವ ಕಾರ್ಡ್ ಇದು. ಮೆಟ್ರೊ ನಿಲ್ದಾಣದ ಕೌಂಟರ್‌ನಲ್ಲಿ ಸಿಗುತ್ತದೆ. ಸೆಂಟ್ರಲ್‌ನಲ್ಲಿ ಇಳಿದವರಿಗೆ ಮೆಟ್ರೊ ಪಕ್ಕದಲ್ಲೇ ಇದೆ, ಅಲ್ಲೇ ಕೇಳಿ. ಮೊಬೈಲ್ ಜೊತೆಗಿರಲಿ, ಗುರುತಿನ ಚೀಟಿಯೂ ಇರಲಿ.

ಬೆಂಗಳೂರಿನ ಮೆಟ್ರೊ ಕಾರ್ಡ್ ನಿಮ್ಮ ಹತ್ತಿರ ಈಗಾಗಲೇ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಅದರ ಮೇಲೆ ರುಪೇ ಮತ್ತು ಎನ್‌ಸಿಎಂಸಿ ಗುರುತು ಇದ್ದರೆ ಇನ್ನೊಂದು ಕಾರ್ಡ್ ಬೇಕಾಗುವುದಿಲ್ಲ. ದೇಶಕ್ಕೆಲ್ಲ ಒಂದೇ ಕಾರ್ಡ್ ಇರಲಿ ಎಂದು 2019ರಲ್ಲಿ ತಂದ ವ್ಯವಸ್ಥೆ ಅದು, ಸಿಂಗಾರ ಚೆನ್ನೈ ಕೂಡ ಅದೇ ಬಗೆಯ ಕಾರ್ಡ್. ಹಳೆಯ, ಮೆಟ್ರೊಗೆ ಮಾತ್ರ ಮಾಡಿದ ಸ್ಮಾರ್ಟ್ ಕಾರ್ಡ್ ಚೆನ್ನೈನಲ್ಲಿ ನಡೆಯುವುದಿಲ್ಲ.

ಈಗ ದುಡ್ಡು ತುಂಬುವ ವಿಚಾರ. ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಸ್ ಟಿಕೆಟ್‌ಗೆ ಹೋಗುವ ದುಡ್ಡು ನಿಮ್ಮ ಬ್ಯಾಂಕ್ ಖಾತೆಯಿಂದ ಹೋಗುವುದಿಲ್ಲ. ಕಾರ್ಡಿನ ಚಿಪ್‌ನಲ್ಲಿ ಇರುವ ದುಡ್ಡೇ ಹೋಗುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಯೂ ಕಾರ್ಡ್ ಕೆಲಸ ಮಾಡುವುದು ಅದಕ್ಕೇ. ಆದರೆ ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ರೀಚಾರ್ಜ್ ಮಾಡಿದರೆ ಆ ದುಡ್ಡು ತಾನಾಗಿ ಚಿಪ್‌ಗೆ ಬಂದು ಕೂರುವುದಿಲ್ಲ. ಮೆಟ್ರೊ ನಿಲ್ದಾಣದ ಯಂತ್ರದಲ್ಲೋ ಕೌಂಟರ್‌ನಲ್ಲೋ ಕಾರ್ಡ್ ಇಟ್ಟು ಬ್ಯಾಲೆನ್ಸ್ ಅಪ್‌ಡೇಟ್ ಮಾಡಿಸಬೇಕು. ಇದನ್ನು ಮಾಡದೆ ಬಸ್ ಹತ್ತಿದರೆ ಮೊಬೈಲ್‌ನಲ್ಲಿ ಐನೂರು ಕಾಣಿಸುತ್ತದೆ, ಕಂಡಕ್ಟರ್ ಯಂತ್ರ ಮಾತ್ರ ದುಡ್ಡಿಲ್ಲ ಅನ್ನುತ್ತದೆ. ಹೊಸಬರು ಕೌಂಟರ್‌ನಲ್ಲೇ ತುಂಬಿಸಿಕೊಳ್ಳುವುದು ವಾಸಿ. ಚಿಪ್‌ನಲ್ಲಿ 2,000 ರೂಪಾಯಿಗಿಂತ ಜಾಸ್ತಿ ಇಡಲು ಬರುವುದಿಲ್ಲ, ಅಷ್ಟು ಬೇಕಾಗುವುದೂ ಇಲ್ಲ.

ಬಸ್ ಹತ್ತಿದ ಮೇಲೆ ಕಂಡಕ್ಟರ್ ನಿಮ್ಮ ಹತ್ತಿರ ಬರಲಿ ಎಂದು ಕಾಯಬೇಡಿ. ಚೆನ್ನೈನಲ್ಲಿ ಕಂಡಕ್ಟರ್ ಬಹುಪಾಲು ತಮ್ಮ ಸೀಟಿನಲ್ಲೇ ಕೂತಿರುತ್ತಾರೆ. ಜನ ದುಡ್ಡನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಟಿಕೆಟ್ಟೂ ಹಾಗೇ ವಾಪಸ್ ಬರುತ್ತದೆ. ನೋಡಲು ಚೆಂದ. ಆದರೆ ಕಾರ್ಡನ್ನು ಹಾಗೆ ದಾಟಿಸಬೇಡಿ, ನೀವೇ ಹೋಗಿ. ಎಲ್ಲಿಗೆ, ಎಷ್ಟು ಜನ ಅಂತ ಮೊದಲು ಹೇಳಿ. ತಮಿಳು ಬಾರದಿದ್ದರೂ ಊರಿನ ಹೆಸರು ಬಿಡಿಸಿ ಹೇಳಿದರೆ ಸಾಕು: ಮೈಲಾಪುರ, ಟಿ. ನಗರ, ಎಗ್ಮೋರ್. ಅವರು ಯಂತ್ರದಲ್ಲಿ ಒತ್ತಿದ ಮೇಲೆ ಕಾರ್ಡನ್ನು ಯಂತ್ರಕ್ಕೆ ತಾಗಿಸಿ, ಒಂದು ಕ್ಷಣ ಹಿಡಿದುಕೊಳ್ಳಿ. ಪಿನ್ ಒತ್ತುವುದು, ಓಟಿಪಿ ಹೇಳುವುದು ಏನೂ ಇಲ್ಲ. ಟಿಕೆಟ್ ಮಾತ್ರ ತಪ್ಪದೆ ಇಸಿದುಕೊಳ್ಳಿ, ಇಳಿಯುವವರೆಗೂ ಇಟ್ಟುಕೊಳ್ಳಿ. ತಪಾಸಣೆಯವರು ಕೇಳುವುದು ಟಿಕೆಟ್ಟನ್ನೇ.

ಹೆಂಗಸರಿಗೆ ಒಂದು ಮಾತು. ಗುಲಾಬಿ ಬಣ್ಣ ಬಳಿದ ಸಾಧಾರಣ ಬಸ್‌ಗಳಲ್ಲಿ 2021ರಿಂದ ಅವರಿಗೆ ಪ್ರಯಾಣ ಉಚಿತ. ಅಲ್ಲಿ ಕಾರ್ಡ್ ತೆಗೆಯುವುದೇ ಬೇಡ.

ಕಾರ್ಡ್ ಕಳೆದುಹೋದರೆ ಚಿಪ್‌ನಲ್ಲಿದ್ದ ದುಡ್ಡೂ ಹೋದ ಹಾಗೆ. ಪಿನ್ ಇಲ್ಲವಲ್ಲ, ಸಿಕ್ಕಿದವರು ಬಳಸಬಹುದು. ಅದಕ್ಕೇ ಇನ್ನೂರು, ಮುನ್ನೂರು ರೂಪಾಯಿ ಇಟ್ಟುಕೊಂಡರೆ ಸಾಕು ಎನ್ನುವುದು ನನ್ನ ಸಲಹೆ.

ಊರಿಗೆ ಬಂದ ಮೇಲೂ ಕಾರ್ಡ್ ಪರ್ಸಿನಲ್ಲೇ ಇರಲಿ. ಕೋಲಾರದ ಬಸ್‌ನಲ್ಲಿ ಹೋಗಿ ಕೆ.ಆರ್. ಪುರದಲ್ಲಿ ಇಳಿದು ನಮ್ಮ ಮೆಟ್ರೊ ಹತ್ತುವಾಗ ಅದನ್ನೇ ಗೇಟಿಗೆ ತಾಗಿಸಬಹುದು. ಮೆಟ್ರೊದಲ್ಲಿ ಮಾತ್ರ ಒಂದು ಕಾರ್ಡ್‌ಗೆ ಒಬ್ಬರೇ. ಮನೆಮಂದಿ ಜೊತೆಗಿದ್ದರೆ ಉಳಿದವರಿಗೆ ಬೇರೆ ಟಿಕೆಟ್ ತೆಗೆಯಿರಿ.