ಲಿಥಿಯಂ-ಸಲ್ಫರ್ ಬ್ಯಾಟರಿಗೆ ಕ್ಯಾಥೋಡ್ ಮಾಡೋರು ಫರ್ನೇಸ್ ಹಚ್ಚೋ ಮೊದ್ಲು ಈ ಲೆಕ್ಕ ಹಾಕ್ಕೊಳಿ

ಹಾಸನ, ಚಿಕ್ಕಮಗಳೂರು ಕಡೆ ಬ್ಯಾಟರಿ ಪ್ರಾಜೆಕ್ಟ್ ಅಂದ್ರೆ ಹುಡುಗ್ರು ಮೊದ್ಲು ಕೈ ಹಾಕೋದು ಕಾಫಿ ಸಿಪ್ಪೆಗೆ, ತೋಟದ್ ಮನೆ ಕಣದಲ್ಲಿ ರಾಶಿ ಬಿದ್ದಿರತ್ತೆ, ಸುಟ್ಟು ಕಾರ್ಬನ್ ಮಾಡಿ ಗಂಧಕ (ಸಲ್ಫರ್) ತುಂಬಿ ಕ್ಯಾಥೋಡ್, ಅಂದ್ರೆ ಬ್ಯಾಟರಿಯ ಪ್ಲಸ್ ಕಡೆ, ಮಾಡಿ ಕಾಯಿನ್ ಸೆಲ್ (ಗುಂಡಿ ಬ್ಯಾಟರಿ) ಕಟ್ಟಿ ಗ್ರಾಂ ಗಂಧಕಕ್ಕೆ 1200 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋ ಅಳತೆ) ಬಂತು ಅಂತ ಖುಷಿಯಾಗಿ ಬರ್ತಾರೆ. ಗಂಧಕ ಎಷ್ಟು ಹಾಕಿದ್ರಿ ಅಂದ್ರೆ ಚದರ ಸೆಂಟಿಮೀಟರ್‌ಗೆ 1 ಮಿಲಿಗ್ರಾಂ. ಅಂದ್ರೆ ಆ ಜಾಗದಲ್ಲಿ ಸಿಕ್ಕಿದ್ದು 1.2 ಎಂಎಎಚ್ ಅಷ್ಟೆ. ಅದೇ 5 ಮಿಲಿಗ್ರಾಂ ಹಾಕಿ ಗ್ರಾಂಗೆ 900 ಬಂದ್ರೂ 4.5 ಆಗತ್ತೆ, ನನಗೆ ಕೇಳಿದ್ರೆ ಎರಡನೇದೇ ಒಳ್ಳೆ ಕ್ಯಾಥೋಡ್. ಈಗಿನ ಲಿಥಿಯಂ ಅಯಾನ್ ಬ್ಯಾಟರಿ ಎದುರು ನಿಲ್ಲಬೇಕು ಅಂದ್ರೆ ಚದರ ಸೆಂಟಿಮೀಟರ್‌ಗೆ ಕಡಿಮೆ ಅಂದ್ರೂ 4 ಎಂಎಎಚ್ ಬೇಕು.

ಗಂಧಕದ ಪೂರ್ತಿ ತಾಕತ್ತು ಗ್ರಾಂಗೆ 1675 ಎಂಎಎಚ್. ತೊಂದ್ರೆ ಮೂರು. ಅದು ಕರೆಂಟ್ ಹರಿಸಲ್ಲ, ಮಧ್ಯದಲ್ಲಿ ಹುಟ್ಟೋ ಪಾಲಿಸಲ್ಫೈಡ್ (ಲಿಥಿಯಂ, ಗಂಧಕ ಸೇರಿದ ಸಂಯುಕ್ತ) ಎಲೆಕ್ಟ್ರೋಲೈಟಲ್ಲಿ (ಸೆಲ್ ಒಳಗಿನ ದ್ರವದಲ್ಲಿ) ಕರಗಿ ಲಿಥಿಯಂ ಕಡೆ ಓಡಿಹೋಗತ್ತೆ, ಕೊನೆಗೆ ಲಿಥಿಯಂ ಸಲ್ಫೈಡ್ ಆದಾಗ ಸುಮಾರು 80% ಊದ್ಕೊಳತ್ತೆ.

ಊದೋದಕ್ಕೆ ಜಾಗ ಇದೆಯಾ ಅನ್ನೋದನ್ನ ಕಾರ್ಬನ್ ಮಾಡಿದ್ಮೇಲೆ ಯೋಚಿಸಬಾರ್ದು. 1 ಗ್ರಾಂ ಗಂಧಕ ಪೂರ್ತಿ ಲಿಥಿಯಂ ಸಲ್ಫೈಡ್ ಆದ್ರೆ 1.43 ಗ್ರಾಂ ತೂಗತ್ತೆ, ಅದಕ್ಕೆ ಬೇಕಾದ ಜಾಗ ಸುಮಾರು 0.86 ಸಿಸಿ. ನಿಮ್ಮ ಕಾರ್ಬನ್ನಲ್ಲಿ ಗ್ರಾಂಗೆ 1.5 ಸಿಸಿ ರಂಧ್ರ ಇದ್ರೆ 1.74 ಗ್ರಾಂ ಗಂಧಕಕ್ಕಿಂತ ಹೆಚ್ಚು ತುಂಬಬೇಡಿ, ಅಂದ್ರೆ ಮಿಶ್ರಣದಲ್ಲಿ ಗಂಧಕ 63% ಹತ್ರ. 70% ಬೇಕೇ ಬೇಕು ಅಂದ್ರೆ 2 ಸಿಸಿ ರಂಧ್ರ ಇರೋ ಕಾರ್ಬನ್ ಹುಡುಕಿ. ಈ ಲೆಕ್ಕ ಬಿಟ್ಟು ತುಂಬಿದ್ರೆ ಮಿಕ್ಕ ಗಂಧಕ ಹೊರಗೇ ಅಂಟ್ಕೊಂಡಿರತ್ತೆ, ಮೊದಲ ಕೆಲವು ಸೈಕಲ್ಲಲ್ಲೇ ಕರಗಿ ಹೋಗತ್ತೆ.

ಕಾಫಿ ಸಿಪ್ಪೆಲಿ ಪೊಟ್ಯಾಸಿಯಂ ಜಾಸ್ತಿ, ಬೂದಿ ಉಳಿಯತ್ತೆ, ಅದಕ್ಕೆ ಚೆನ್ನಾಗಿ ತೊಳೀಬೇಕು. ಮೊದ್ಲು ನೈಟ್ರೋಜನ್ ಹರಿಸ್ತಾ 500 ಡಿಗ್ರಿಲಿ ಇದ್ದಿಲು ಮಾಡಿ, ಆಮೇಲೆ ರಂಧ್ರ ಮಾಡೋಕೆ ಅದರ ತೂಕದ ಮೂರು ಪಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ 750ರಿಂದ 800 ಡಿಗ್ರಿಲಿ ಒಂದು ಗಂಟೆ. ಆ ಬಿಸಿಗೆ ಪೊಟ್ಯಾಸಿಯಂ ಲೋಹನೇ ಹುಟ್ಟತ್ತೆ, ನೀರು ಕಂಡ್ರೆ ಹೊತ್ಕೊಳತ್ತೆ, ಹಂಗಾಗಿ ಪೂರ್ತಿ ತಣ್ಣಗಾಗೋ ತನಕ ಫರ್ನೇಸ್ ಟ್ಯೂಬ್ ತೆಗೀಬೇಡಿ, ತೆಗೆದ್ಮೇಲೂ ಕನ್ನಡಕ ಗ್ಲೌಸ್ ಹಾಕ್ಕೊಂಡು ನಿಧಾನಕ್ಕೆ ತೊಳೀರಿ, ಮೊದ್ಲು ತೆಳು ಹೈಡ್ರೋಕ್ಲೋರಿಕ್ ಆ್ಯಸಿಡ್, ಆಮೇಲೆ ಪಿಎಚ್ 7 ಬರೋ ತನಕ ಡಿಸ್ಟಿಲ್ಡ್ ನೀರು.

ರಂಧ್ರ ಎಷ್ಟೇ ಇದ್ರೂ ಬರೀ ಕಾರ್ಬನ್ ಪಾಲಿಸಲ್ಫೈಡನ್ನ ಗಟ್ಟಿಯಾಗಿ ಹಿಡಿಯಲ್ಲ. 2009ರಲ್ಲಿ ಕೆನಡಾದ ವಾಟರ್ಲೂ ಯೂನಿವರ್ಸಿಟಿಯ ಲಿಂಡಾ ನಜಾರ್ ಅವರ ತಂಡ ಸಣ್ಣ ಸಾಲು ರಂಧ್ರದ ಕಾರ್ಬನ್ನಲ್ಲಿ ಗಂಧಕ ತುಂಬಿ ತೋರ್ಸಿದ್ಮೇಲೆ ಎಲ್ಲರೂ ಆ ದಾರಿ ಹಿಡಿದ್ರು, ಆಮೇಲೆ ಮ್ಯಾಂಗನೀಸ್ ಡೈಆಕ್ಸೈಡ್, ಟೈಟಾನಿಯಂ ಆಕ್ಸೈಡ್, ನೈಟ್ರೋಜನ್ ಸೇರಿಸಿದ ಕಾರ್ಬನ್ ಬಂತು. ಇವು ಪಾಲಿಸಲ್ಫೈಡನ್ನ ಎಳೆದು ಹಿಡ್ಕೊಳತ್ತೆ. ಆದ್ರೆ ಸ್ವಲ್ಪನೇ ಹಾಕಿ, ಅದೂ ತೂಕನೇ, ಆಕ್ಸೈಡ್ ಹೆಚ್ಚಾದ್ರೆ ಗಂಧಕದ ಪಾಲು ಇಳಿಯತ್ತೆ.

ಗಂಧಕ ತುಂಬೋದು 155 ಡಿಗ್ರಿಲಿ, ಮುಚ್ಚಿದ ಪಾತ್ರೇಲಿ, 12 ಗಂಟೆ. ಆ ಬಿಸಿಗೆ ಕರಗಿದ ಗಂಧಕ ತುಂಬ ತೆಳುವಾಗಿ ರಂಧ್ರದೊಳಗೆ ಇಳಿಯತ್ತೆ, 159 ದಾಟ್ತು ಅಂದ್ರೆ ಉದ್ದುದ್ದ ಸರಪಳಿ ಕಟ್ಕೊಂಡು ಆಲೆಮನೆ ಪಾಕದ ಥರ ಗಟ್ಟಿಯಾಗತ್ತೆ. ಓವನ್ನಿನ ಡಿಸ್ಪ್ಲೇ ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ.

ಎಲೆಕ್ಟ್ರೋಡಿಗೆ ಬಳಿಯೋ ಸ್ಲರಿ (ಕಲಸಿದ ಮಿಶ್ರಣ) ದೋಸೆ ಹಿಟ್ಟಿನ ಹದಕ್ಕೆ ಬರಬೇಕು. ದಪ್ಪ ಕೋಟಿಂಗಿಗೆ ಸಿಎಂಸಿ (ಸೆಲ್ಯುಲೋಸ್ ಅಂಟು), ಎಸ್‌ಬಿಆರ್ (ರಬ್ಬರ್) ಹಾಕಿದ ನೀರಿನ ಬೈಂಡರೇ ನನಗೆ ಇಷ್ಟ, ಜೊತೆಗೆ ಸ್ವಲ್ಪ ಕಾರ್ಬನ್ ನ್ಯಾನೋಟ್ಯೂಬ್ ಹಾಕಿದ್ರೆ ಒಣಗುವಾಗ ಬಿರುಕು ಕಡಿಮೆ. ಮೊದ್ಲು ಹಂಗೇ ಹೊರಗೆ ನಿಧಾನವಾಗಿ ಒಣಗ್ಲಿ, ಆಮೇಲೆ ವ್ಯಾಕ್ಯೂಮ್ ಓವನ್ 50 ಡಿಗ್ರಿ. ಜುಲೈ ಮಳೇಲಿ ಏನೂ ಒಣಗ್ತಾ ಇಲ್ಲ ಅಂತ ಒಂದ್ಸಲ ನಾನು ರಾತ್ರಿಯಿಡೀ 90ಕ್ಕೆ ಇಟ್ಟೆ, ಬೆಳಗ್ಗೆ ಓವನ್ ಗಾಜಿನ ಮೇಲೆ ಹಳದಿ ಪುಡಿ, ಎಲೆಕ್ಟ್ರೋಡ್ ತೂಕ ಇಳಿದಿತ್ತು. ಒಣಗಿಸಿದ್ಮೇಲೆ ಮತ್ತೆ ತೂಕ ಹಾಕಿ, ಗಂಧಕ ಎಷ್ಟು ಉಳೀತು ಅನ್ನೋದನ್ನ ಟಿಜಿಎಲಿ (ಬಿಸಿ ಮಾಡ್ತಾ ತೂಕ ಅಳೆಯೋ ಪರೀಕ್ಷೆ) ನೋಡಿ, ಹಾಕಿದ್ದು ಇಷ್ಟು ಅಂತ ಬರ್ಕೊಂಡ್ರೆ ಮುಂದಿನ ಎಲ್ಲಾ ನಂಬರೂ ತಪ್ಪು.

ಎಲೆಕ್ಟ್ರೋಲೈಟಿಗೆ ಡಿಒಎಲ್, ಡಿಎಂಇ ಅನ್ನೋ ಎರಡು ಈಥರ್ ದ್ರಾವಕ ಸಮ ಸಮ, ಲಿಥಿಯಂ ನೈಟ್ರೇಟ್ 2% ಮರೀಬೇಡಿ. ಮಾಮೂಲಿ ಕಾರ್ಬೊನೇಟ್ ಎಲೆಕ್ಟ್ರೋಲೈಟ್ ಪಾಲಿಸಲ್ಫೈಡ್ ಜೊತೆ ಕೂಡಿ ಕೆಡತ್ತೆ. ಅಳತೆ ಇಲ್ಲಿ ಮುಖ್ಯ: 1 ಮಿಲಿಗ್ರಾಂ ಗಂಧಕಕ್ಕೆ 20 ಮೈಕ್ರೋಲೀಟರ್ ಸುರಿದ್ರೆ ಗಂಧಕದ ಇಪ್ಪತ್ತು ಪಟ್ಟಿಗಿಂತ ಹೆಚ್ಚು ತೂಕ ದ್ರವದ್ದೇ ಆಯ್ತು. 5ಕ್ಕೆ ಇಳಿಸೋಕೆ ನೋಡಿ. ಆಗ ರಂಧ್ರ ಅತಿಯಾಗಿರೋ ಕಾರ್ಬನ್ ದ್ರವನೆಲ್ಲ ಕುಡಿದುಬಿಡತ್ತೆ, ಅದಕ್ಕೇ ರಂಧ್ರ ಲೆಕ್ಕಕ್ಕೆ ತಕ್ಕಷ್ಟಿರ್ಲಿ ಅಂದಿದ್ದು.

ಡಿಸ್ಚಾರ್ಜ್ ಗೆರೇಲಿ ಎರಡು ಮಟ್ಟ ಕಾಣತ್ತೆ, 2.3 ವೋಲ್ಟ್ ಹತ್ರ ಒಂದು, 2.1 ಹತ್ರ ಇನ್ನೊಂದು. ಕೆಳಗಿನ ಮಟ್ಟದ ಉದ್ದ (ಕೆಪಾಸಿಟಿ) ಮೇಲಿನದರ ಮೂರು ಪಟ್ಟು ಇರಬೇಕು. ಎರಡು ಪಟ್ಟಷ್ಟೇ ಇದ್ರೆ ಗಂಧಕ ಕೊನೆ ತನಕ ಬದಲಾಗ್ತಿಲ್ಲ, ಕರೆಂಟ್ ದಾರಿ ಸಾಲ್ತಿಲ್ಲ ಅಂತ ಕಾರ್ಬನ್ ಕಡೆ ಮೊದ್ಲು ನೋಡಿ. ಚಾರ್ಜ್ ಮುಗೀದೇ ಎಳೀತಾನೇ ಇದ್ರೆ ಪಾಲಿಸಲ್ಫೈಡ್ ಓಡಾಡ್ತಿದೆ.

ಸೆಲ್ ಸತ್ತಾಗ ಕ್ಯಾಥೋಡನ್ನೇ ಬೈಬೇಡಿ. ಆರ್ಗಾನ್ ಗ್ಲೋವ್ ಬಾಕ್ಸ್ ಒಳಗೇ ಬಿಚ್ಚಿ, ಹೊರಗೆ ತೆಗೆದ್ರೆ ಗಾಳಿ ತೇವಕ್ಕೆ ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಬರತ್ತೆ. ಲಿಥಿಯಂ ಕಪ್ಪಗಾಗಿ ಪುಡಿಪುಡಿಯಾಗಿದ್ರೆ ಅದೇ ಕ್ಯಾಥೋಡಿಗೆ ಹೊಸ ಲಿಥಿಯಂ, ಹೊಸ ದ್ರವ ಹಾಕಿ ಮತ್ತೆ ಕಟ್ಟಿ. ಕೆಪಾಸಿಟಿ ವಾಪಸ್ ಬಂದ್ರೆ ನೀವು ಮಾಡಿದ ಕ್ಯಾಥೋಡ್ ಸರಿ ಇದೆ, ಮುಂದಿನ ಕೆಲಸ ಲಿಥಿಯಂ ಕಡೆದು.