‘ಓಟ ರಕ್ತದಲ್ಲೇ ಇದೆ’ ಎಂದು ಬರೆದವನು ಪುಸ್ತಕ ಬರೆದದ್ದು

ಹದಿನಾಲ್ಕು ವರ್ಷ ಪತ್ರಿಕೆಯಲ್ಲಿ ಕ್ರೀಡಾ ವರದಿಗಾರನಾಗಿದ್ದೆ. ಆಮೇಲೆ ಕೆಲಸ ಬಿಟ್ಟು, ಐದು ವರ್ಷ ತಿರುಗಾಡಿ, ಉತ್ತರ ಕನ್ನಡದ ಸಿದ್ದಿ ಓಟಗಾರರ ಬಗ್ಗೆ ಒಂದು ಪುಸ್ತಕ ಬರೆದೆ. ವರದಿ ಬರೆಯುವುದಕ್ಕೂ ಪುಸ್ತಕ ಬರೆಯುವುದಕ್ಕೂ ಏನು ವ್ಯತ್ಯಾಸ ಎಂದು ಈಗಿನ ಹುಡುಗರು ಕೇಳುತ್ತಾರೆ. ನನಗೆ ಅದು ಗೊತ್ತಾದದ್ದು ನಾನೇ ಬರೆದ ಒಂದು ತಪ್ಪು ವಾಕ್ಯದಿಂದ.

ಜಿಲ್ಲಾ ಮಟ್ಟದ ಒಂದು ಕ್ರೀಡಾಕೂಟ. ಹಳಿಯಾಳ ಕಡೆಯ ಸಿದ್ದಿ ಹುಡುಗಿಯೊಬ್ಬಳು 400 ಮೀಟರ್ ಗೆದ್ದಳು. ರಾತ್ರಿ ಎಂಟರೊಳಗೆ ಕಾಪಿ ಕಳಿಸಬೇಕಿತ್ತು. ‘ಆಫ್ರಿಕಾ ಮೂಲದ ಈ ಜನರಿಗೆ ಓಟ ರಕ್ತದಲ್ಲೇ ಇದೆ’ ಎಂದು ಬರೆದೆ. ಡೆಸ್ಕಿನಲ್ಲಿ ಅದನ್ನೇ ಹೆಡ್‌ಲೈನ್ ಮಾಡಿದರು. ಹೊಗಳಿದ್ದೇನೆ ಎಂದೇ ಅಂದುಕೊಂಡಿದ್ದೆ.

ಕೆಲವು ವಾರ ಕಳೆದು ಬೇರೆ ಸುದ್ದಿಗೆಂದು ಯಲ್ಲಾಪುರ ತಾಲೂಕಿನ ಒಂದು ಹಳ್ಳಿಗೆ ಹೋದೆ. ಅಲ್ಲಿ ಹಿಂದೆ ಓಟಗಾರ್ತಿಯಾಗಿದ್ದ ಒಬ್ಬ ಅಕ್ಕ ಸಿಕ್ಕರು. ನನ್ನ ವರದಿ ಓದಿದ್ದರು. ‘ಪೇಪರ್‌ನವರು ಬಂದಾಗೆಲ್ಲ ನಮ್ಮ ಕಾಲು ನೋಡ್ತೀರಿ, ಕೂದಲು ನೋಡ್ತೀರಿ. ಬೆಳಗ್ಗೆ ಐದಕ್ಕೆ ಎದ್ದು ಓಡಿದ್ದನ್ನ ಯಾರೂ ಕೇಳೂದಿಲ್ಲ’ ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಇರಬೇಕು, ಆ ಮಾತು ನನ್ನನ್ನು ಬಿಡಲಿಲ್ಲ.

ಸಿದ್ದಿಗಳ ಪೂರ್ವಜರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಪಶ್ಚಿಮ ಘಟ್ಟದ ಕಾಡು ಸೇರಿದರು. ಇವತ್ತು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಈ ಸಮುದಾಯದ ಒಬ್ಬರು, ಶಾಂತಾರಾಮ ಸಿದ್ದಿಯವರು, ವಿಧಾನ ಪರಿಷತ್ತಿಗೆ ಬಂದದ್ದು 2020ರಲ್ಲಿ. ಆದರೆ ಸರ್ಕಾರದ ಕಣ್ಣು ಇವರ ಕಾಲಿನ ಮೇಲೆ ಅದಕ್ಕೂ ಎಷ್ಟೋ ಮೊದಲೇ ಬಿದ್ದಿತ್ತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ‘ಸ್ಪೆಷಲ್ ಏರಿಯಾ ಗೇಮ್ಸ್’ ಎಂಬ ಯೋಜನೆ ತಂದಿತು. ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಮಕ್ಕಳನ್ನು ಆರಿಸಿ ಹಾಸ್ಟೆಲಿನಲ್ಲಿಟ್ಟು ತರಬೇತಿ ಕೊಟ್ಟರು. ಆಫ್ರಿಕಾ ಮೂಲದವರು, ಹಾಗಾಗಿ ಪದಕ ತರುತ್ತಾರೆ ಅನ್ನುವ ಲೆಕ್ಕ. ಕೆಲವರು ರಾಷ್ಟ್ರ ಮಟ್ಟದಲ್ಲಿ ಪದಕ ತಂದರು ಕೂಡ. 1990ರ ದಶಕದಲ್ಲಿ ಸಿದ್ದಿಗಳ ಪಾಲಿಗೆ ಆ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು.

ಇದನ್ನು ತಿಳಿದುಕೊಂಡಾಗ ನನ್ನ ವಾಕ್ಯದಲ್ಲಿದ್ದ ಕೆಡುಕು ಕಂಡಿತು. ಓಟ ರಕ್ತದಲ್ಲೇ ಇದ್ದರೆ ಕೋಚ್ ಯಾಕೆ ಬೇಕು? ಹಾಸ್ಟೆಲ್ ಮುಚ್ಚಿದರೆ ಯಾರಿಗೆ ನಷ್ಟ? ಹಾಗೆ ಬರೆದರೆ ಗೆದ್ದ ಹುಡುಗಿಯ ಶ್ರಮ ಕಾಣುವುದಿಲ್ಲ. ಸೋತ ಹುಡುಗನಿಗೆ ಸಿಗದೇ ಹೋದ ಊಟ, ತರಬೇತಿ ಯಾವುದೂ ಕಾಣುವುದಿಲ್ಲ.

ಪುಸ್ತಕಕ್ಕೆಂದು ಮೊದಲ ಸಲ ಹೋದಾಗ ಇಪ್ಪತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಎಲ್ಲದಕ್ಕೂ ಉತ್ತರ ಸಿಕ್ಕಿತು, ಒಂದೂ ಪುಸ್ತಕಕ್ಕೆ ಬರಲಿಲ್ಲ. ವರದಿಗಾರರಿಗೆ ಏನು ಬೇಕು ಅಂತ ಅವರಿಗೆ ಗೊತ್ತು, ಅದನ್ನೇ ಕೊಟ್ಟರು. ಎರಡನೇ ಸಲದಿಂದ ರೆಕಾರ್ಡರ್ ಚೀಲದಲ್ಲೇ ಇಟ್ಟೆ. ಸುಮ್ನೆ ಹೋಗಿ ಕೂರುತ್ತಿದ್ದೆ. ಗದ್ದೆ ಕೆಲಸ ಇದ್ದ ದಿನ ಗದ್ದೆಯ ಬದುವಿನ ಮೇಲೆ, ಸಿದ್ದಿಗಳ ಡೋಲು ಡಮಾಮಿ ಬಾರಿಸುವ ರಾತ್ರಿ ಅಂಗಳದಲ್ಲಿ. ಮಾತು ಶುರುವಾಗಲು ಏಳೆಂಟು ತಿಂಗಳು ಹಿಡಿಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಟ್ರಂಕು. ‘ಆಗ ಹೇಗನ್ನಿಸಿತು?’ ಎಂದು ಕೇಳಿದರೆ ಯಾರೂ ಏನೂ ಹೇಳುವುದಿಲ್ಲ. ‘ಆಗಿನ ಸರ್ಟಿಫಿಕೇಟ್ ಇದೆಯಾ?’ ಎಂದು ಕೇಳಿದರೆ ಟ್ರಂಕು ಹೊರಗೆ ಬರುತ್ತದೆ. ಟ್ರ್ಯಾಕ್ ಸೂಟು, ತುಕ್ಕು ಹಿಡಿದ ಸ್ಪೈಕ್, ಹಾಸ್ಟೆಲಿನಿಂದ ಅಮ್ಮನಿಗೆ ಬರೆದ ಕಾರ್ಡು ಒಂದೊಂದೇ ಬರುತ್ತವೆ. ಒಬ್ಬರು ಕಾರ್ಡು ಕೈಯಲ್ಲಿ ಹಿಡಿದು, ಓದಲು ಬಾರದ ಅಮ್ಮ ಅದನ್ನು ಯಾರಿಂದ ಓದಿಸಿಕೊಳ್ಳುತ್ತಿದ್ದರು ಎಂದು ಹೇಳುತ್ತ ಒಂದು ಗಂಟೆ ಕಳೆದರು. ಆ ಒಂದು ಗಂಟೆ ಒಂದು ಇಡೀ ಅಧ್ಯಾಯವಾಯಿತು. ಸರ್ಟಿಫಿಕೇಟಿನಿಂದ ಇನ್ನೊಂದು ಉಪಯೋಗ ಇದೆ. ಜನರಿಗೆ ಓಟ ನೆನಪಿರುತ್ತದೆ, ಇಸವಿ ನೆನಪಿರುವುದಿಲ್ಲ. ಸರ್ಟಿಫಿಕೇಟಿನ ತಾರೀಕು ಹಿಡಿದು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ತೆಗೆಸಿ ನೋಡಬೇಕು. ಎರಡೂ ಹೊಂದದಿದ್ದರೆ ಮತ್ತೆ ಹಳ್ಳಿಗೆ ಹೋಗಬೇಕು.

ಓದಬೇಕಾದದ್ದೂ ಬಹಳ ಇತ್ತು. ಜೆಸ್ಸಿ ಓವೆನ್ಸ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದದ್ದು ನಮಗೆಲ್ಲ ಗೊತ್ತು. ಆಗ ಅಮೆರಿಕದಲ್ಲೂ ಕಪ್ಪು ಓಟಗಾರರ ಹಿಮ್ಮಡಿ, ಮೀನಖಂಡಗಳೇ ಬೇರೆ ಥರ, ಅದಕ್ಕೇ ಗೆಲ್ಲುತ್ತಾರೆ ಅನ್ನುವ ಮಾತಿತ್ತು. ಹೋವರ್ಡ್ ವಿಶ್ವವಿದ್ಯಾಲಯದ ಡಬ್ಲ್ಯೂ. ಮಾಂಟೇಗ್ ಕಾಬ್, ಸ್ವತಃ ಕಪ್ಪು ಅಂಗರಚನಾ ತಜ್ಞ, ಓವೆನ್ಸ್ ಅವರ ಕಾಲನ್ನೇ ಅಳೆದು ನೋಡಿದರು. ಕಪ್ಪು ಜನರದ್ದು ಎಂದು ಹೇಳುತ್ತಿದ್ದ ಲಕ್ಷಣ ಆ ಮೀನಖಂಡದಲ್ಲಿ ಇರಲಿಲ್ಲ. ಅದು ಬಿಳಿಯರದ್ದು ಎಂದು ಹೇಳುವ ಮಾದರಿಯಲ್ಲಿತ್ತು. ಬಣ್ಣದಿಂದ ಗೆಲುವು ಬರುವುದಿಲ್ಲ ಎಂದು ಕಾಬ್ 1936ರಲ್ಲೇ ಪ್ರಕಟಿಸಿದರು. ಅದೆಲ್ಲ ಆಗಿ ಎಷ್ಟೋ ದಶಕದ ಮೇಲೆ ನಾನು ಕೂತು ‘ರಕ್ತದಲ್ಲೇ ಇದೆ’ ಎಂದು ಬರೆದಿದ್ದೆ. ಕಾಬ್ ಅವರ ಆ ಲೇಖನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬರೆಯುವಾಗ ಒಂದು ಪರೀಕ್ಷೆ ಇಟ್ಟುಕೊಂಡೆ. ಇದೇ ವಾಕ್ಯವನ್ನು ಬೇರೆ ಜಾತಿಯ ಓಟಗಾರನ ಬಗ್ಗೆ ಬರೆಯುತ್ತಿದ್ದೆನಾ? ಇಲ್ಲ ಅನ್ನಿಸಿದ್ದನ್ನೆಲ್ಲ ಹೊಡೆದು ಹಾಕಿದೆ. ಗುಂಗುರು ಕೂದಲು ಹೋಯಿತು, ಹೊಳೆಯುವ ಮೈಬಣ್ಣ ಹೋಯಿತು, ‘ಜಿಂಕೆಯಂತೆ’ ಹೋಯಿತು. ಆದರೆ ಬಸ್ಸಿನಲ್ಲಿ ‘ಯಾವ ದೇಶದವರು?’ ಎಂದು ಕೇಳಿಸಿಕೊಂಡದ್ದನ್ನು ಅವರೇ ಹೇಳಿದಾಗ ಹಾಗೇ ಇಟ್ಟೆ. ಬಣ್ಣದ ಬಗ್ಗೆ ಮಾತಾಡಬಾರದು ಅಂತಲ್ಲ. ಅದರಿಂದ ಅವರಿಗೇನಾಯಿತು ಎನ್ನುವುದನ್ನು ಅವರ ಬಾಯಲ್ಲೇ ಕೇಳಬೇಕು, ಅಲ್ವಾ?

ಮೊದಲು ಒಪ್ಪಿಕೊಂಡಿದ್ದ ಪ್ರಕಾಶಕರು ಹೆಸರಿನಲ್ಲಿ ‘ಕಾಡು’ ಮತ್ತು ‘ಚಿರತೆ’ ಎರಡೂ ಇರಲಿ, ಮಾರಾಟ ಚೆನ್ನಾಗಿರುತ್ತದೆ ಅಂದರು. ಹಸ್ತಪ್ರತಿ ವಾಪಸ್ ತಂದೆ. ಇನ್ನೊಬ್ಬರು ಸಿಗಲು ಒಂದು ವರ್ಷವಾಯಿತು. ಆ ವರ್ಷ ಕಷ್ಟದ್ದೇ, ಆದರೆ ಮತ್ತೆ ಹಾಗೇ ಆದರೂ ವಾಪಸ್ ತರುತ್ತೇನೆ.

ಅಚ್ಚಿಗೆ ಕೊಡುವ ಮೊದಲು ಪ್ರತಿ ಅಧ್ಯಾಯವನ್ನೂ ಅದು ಯಾರದ್ದೋ ಅವರ ಮನೆಯಲ್ಲೇ ಕೂತು ಓದಿ ಹೇಳಿದೆ. ಪತ್ರಿಕೆಯಲ್ಲಿ ಹೀಗೆ ಮಾಡುವಂತಿಲ್ಲ, ಪುಸ್ತಕದಲ್ಲಿ ಮಾಡಲೇಬೇಕು ಎನ್ನುವುದು ನನ್ನ ನಂಬಿಕೆ. ಮೊದಲು ನನ್ನನ್ನು ತಿದ್ದಿದ ಅಕ್ಕನ ಅಧ್ಯಾಯ ‘ಬರಿಗಾಲಲ್ಲಿ ಓಡಿದ ಹುಡುಗಿ’ ಎಂದು ಶುರುವಾಗುತ್ತಿತ್ತು. ಅವರು ಕೈ ಎತ್ತಿ ನಿಲ್ಲಿಸಿದರು. ‘ಬರಿಗಾಲು ಅಲ್ಲ ಸರ್. ಶೂ ಇತ್ತು. ಸೀನಿಯರ್ ಅಕ್ಕನದ್ದು, ದೊಡ್ಡದಾಗ್ತಿತ್ತು. ಮುಂದೆ ಬಟ್ಟೆ ತುರುಕಿ ಓಡ್ತಿದ್ದೆ.’ ಯಾವ ಬಟ್ಟೆ ಎಂದು ಕೇಳಿದೆ. ಅಮ್ಮನ ಹಳೆ ಸೀರೆಯ ಚೂರು, ಊರಿಂದ ಹೊರಡುವಾಗ ಬುತ್ತಿ ಕಟ್ಟಿಕೊಟ್ಟದ್ದು ಅಂದರು. ಅಧ್ಯಾಯ ಈಗ ಆ ಸೀರೆಯ ಚೂರಿನಿಂದ ಶುರುವಾಗುತ್ತದೆ.